ಕಾಣದ ಗಾಯವೂ ಗಾಯವೇ

(ಗಿರಣಿ ಕಾರ್ಮಿಕರ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ. ಪೇಟೆಯ ಚಿಲ್ಲರೆ ವ್ಯಾಪಾರಿಗಳೂ ಕೂಟಕ್ಕೆ ಬಂದಿದ್ದರು.)



ಈ ಹೊತ್ತಿನ ವಿಷಯವನ್ನು ಹಲಗೆಯ ಮೇಲೆ ಬರೆದಾಗ ಬಾಗಿಲ ಬಳಿ ನಿಂತಿದ್ದ ಇಬ್ಬರು ಮೂವರು ನಕ್ಕದ್ದು ನಮ್ಮ ಕಿವಿಗೆ ಬಿತ್ತು. “ಇವತ್ತು ಹುಚ್ಚರ ಡಾಕ್ಟರ ಬಗ್ಗೆ ಭಾಷಣವಂತೆ” ಎಂದು ಒಬ್ಬರು ಅಂದರು. ನಾವು ಬೇಸರಪಡಲಿಲ್ಲ. ಮೂರು ವರ್ಷಗಳ ಹಿಂದೆ ಯಾರಾದರೂ ಇದೇ ವಿಷಯ ಬರೆದಿದ್ದರೆ ನಗುವವರ ಸಾಲಿನಲ್ಲಿ ನಾವೂ ನಿಂತಿರುತ್ತಿದ್ದೆವು. ಬೋನಸ್ಸು, ತುಟ್ಟಿಭತ್ಯೆ, ಬದಲಿಯವರ ಖಾಯಮಾತಿ, ಇವನ್ನೆಲ್ಲ ಬಿಟ್ಟು ಸಂಘದ ವೇದಿಕೆಯಲ್ಲಿ ಮನಸ್ಸಿನ ಮಾತೇಕೆ ಎಂದು ಕೇಳುವವರೂ ಇದ್ದಾರೆ. ಅವರಿಗೆ ವಾದ ಮಾಡಿ ಉತ್ತರ ಕೊಡುವುದಕ್ಕಿಂತ ನಮ್ಮ ನಡುವೆಯೇ ನಡೆದ ಒಂದು ಸಂಗತಿಯನ್ನು ಹೇಳುವುದು ಲೇಸು. ಹೆಸರು ಬಿಟ್ಟು ಹೇಳಿರೆಂದು ಆ ಗೆಳೆಯನೇ ಒಪ್ಪಿಗೆ ಕೊಟ್ಟಿದ್ದಾನೆ. ಗುರುತು ಹತ್ತಿದವರು ಗುರುತು ಹತ್ತದವರಂತೆ ಇರಬೇಕೆಂದು ಕೇಳಿಕೊಳ್ಳುತ್ತೇವೆ.

ಅದು ರಾತ್ರಿ ಪಾಳಿ. ಕಾರ್ಡಿಂಗ್ ಖಾತೆಯಲ್ಲಿ ಯಂತ್ರದ ಕೆಳಗೆ ಸೇರಿದ್ದ ಹತ್ತಿಯ ಕಸರನ್ನು ತೆಗೆಯಲು ಒಬ್ಬ ಹುಡುಗ ಕೈ ಹಾಕಿದ. ಅಲ್ಲಿರಬೇಕಾದ ಕಾಪನ್ನು ಬಿಚ್ಚಿಟ್ಟು ತಿಂಗಳುಗಳಾಗಿದ್ದವು. ಕೈ ಒಳಗೆ ಹೋಯಿತು. ಪಕ್ಕದ ಯಂತ್ರದಲ್ಲಿದ್ದ ನಮ್ಮ ಗೆಳೆಯ ಓಡಿಬಂದು ಯಂತ್ರ ನಿಲ್ಲಿಸಿದ, ತನ್ನ ಅಂಗಿ ಹರಿದು ಕಟ್ಟಿದ, ಹುಡುಗನನ್ನು ತಾನೇ ಹೊತ್ತುಕೊಂಡು ಗೇಟಿನವರೆಗೆ ತಂದ. ನಾವೂ ಹಿಂದೆ ಓಡಿದೆವು. ಹುಡುಗನ ಜೀವ ಉಳಿಯಿತು, ಮೊಳಕೈಯವರೆಗೆ ಕೈ ಹೋಯಿತು. ಪರಿಹಾರಕ್ಕಾಗಿ ಸಂಘ ಹೋರಾಡಿತು, ಹಣ ಬಂತು. ಅಲ್ಲಿಗೆ ನಮ್ಮ ಕಡತ ಮುಗಿಯಿತೆಂದು ನಾವು ತಿಳಿದೆವು.

ಯಂತ್ರ ನಿಲ್ಲಿಸಿದವನ ಹೆಸರು ಯಾವ ಕಡತದಲ್ಲೂ ಬರಲಿಲ್ಲ. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲವಲ್ಲ! ಎರಡು ವಾರ ಕೆಲಸಕ್ಕೆ ಬಂದ. ಆಮೇಲೆ ಪಾಳಿ ತಪ್ಪಿಸತೊಡಗಿದ. ಸೈರನ್ ಕೂಗಿದರೆ ಬೆಚ್ಚುತ್ತಿದ್ದ. ಎಣ್ಣೆಯ ವಾಸನೆ ಬಂದರೆ ಬೆವರುತ್ತಿದ್ದ. ಮನೆಯಲ್ಲಿ ಮಿಕ್ಸರ್ ತಿರುಗಿಸಿದರೆ ಎದ್ದು ಹೊರಗೆ ಹೋಗುತ್ತಿದ್ದ. ರಾತ್ರಿ ಕಣ್ಣು ಮುಚ್ಚಿದರೆ ಅದೇ ಕೈ, ಅದೇ ಕೂಗು. ನಿದ್ದೆಗೆಂದು ಕುಡಿಯಲು ಹಿಡಿದ, ಕುಡಿದದ್ದು ಹೆಚ್ಚಾಯಿತು. ಅವನ ಜಾಗಕ್ಕೆ ಬದಲಿಯವನು ಬಂದು ನಿಂತ. ಜಾಬರು ‘ಸೋಮಾರಿ’ ಎಂದ, ಮೇಲಿನವರು ‘ಕುಡುಕ’ ಎಂದರು. ಸಂಘದಲ್ಲಿ ಕುಳಿತ ನಾವು ಎರಡನ್ನೂ ಒಪ್ಪಿದೆವು.

ಒಂದು ಸಂಜೆ ಅವನ ಹೆಂಡತಿ ಇದೇ ಕೋಣೆಗೆ ಬಂದಳು. “ಅಣ್ಣಾರೆ, ಅವರು ಮನೇಲಿ ಇದಾರೆ, ಆದ್ರೆ ಇಲ್ಲ. ಮಗ ಹಿಂದಿನಿಂದ ಬಂದು ಮುಟ್ಟಿದ್ರೆ ಹೊಡ್ಯಕೆ ಬರ್ತಾರೆ, ಆಮೇಲೆ ತಾವೇ ಅಳ್ತಾರೆ” ಎಂದಳು. ನಾವು ಆ ತಾಯಿಗೆ ಏನು ಹೇಳಿದೆವು ಗೊತ್ತೆ? ಸಂಬಳದ ಹಣ ಅವನ ಕೈಗೆ ಕೊಡಬೇಡಮ್ಮ ಎಂದೆವು. ಸಂಬಳವೇ ನಿಂತು ಹೋಗಿತ್ತೆಂಬುದು ನಮಗೆ ತಿಳಿದಿರಲಿಲ್ಲ. ಅವಳು ಏನೂ ಅನ್ನದೆ ಎದ್ದು ಹೋದಳು. ಊರಿನ ಕಡೆ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು, ದರ್ಗಾಕ್ಕೂ ಹೋಗಿಬಂದರು. ಅದನ್ನು ನಾವು ಹೀಗಳೆಯುವುದಿಲ್ಲ. ನಾವು ಕೊಟ್ಟ ಸಲಹೆಗಿಂತ ಅದರಲ್ಲಿ ಕರುಣೆ ಹೆಚ್ಚಿತ್ತು.

ಈ ಬಾಧೆ ನಮ್ಮೂರಿನಲ್ಲಿ ಹುಟ್ಟಿದ್ದಲ್ಲ, ಹೊಸದೂ ಅಲ್ಲ. 1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕುಳಿತ ಸಿಪಾಯಿಗಳು ಗುಂಡು ತಾಗದೆಯೇ ನಡುಗತೊಡಗಿದರು. ಕೆಲವರಿಗೆ ಮಾತು ನಿಂತಿತು, ಕೆಲವರಿಗೆ ಕಾಲು ಬಿದ್ದುಹೋಯಿತು. ಸಿಡಿಗುಂಡಿನ ಸದ್ದಿನಿಂದ ಮಿದುಳು ಅಲುಗಿದೆಯೆಂದು ತಿಳಿದು ಅದಕ್ಕೆ ‘ಶೆಲ್ ಶಾಕ್’ ಎಂದು ಹೆಸರಿಟ್ಟರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ಇದನ್ನು ಕುರಿತು ಬರೆದ. ಆದರೆ ಸೇನೆಯ ಅಧಿಕಾರಿಗಳಲ್ಲಿ ಬಹುಮಂದಿ ಅದನ್ನು ಹೇಡಿತನವೆಂದೇ ಬಗೆದರು. ಓಡಿಹೋದರು, ಅಂಜಿದರು ಎಂಬ ಆಪಾದನೆಗಳ ಮೇಲೆ ಬ್ರಿಟಿಷರು ತಮ್ಮದೇ ಸೇನೆಯ 306 ಸಿಪಾಯಿಗಳನ್ನು ಗೋಡೆಗೋ ಕಂಬಕ್ಕೋ ಒರಗಿಸಿ ಗುಂಡಿಕ್ಕಿದರು. ಅವರಲ್ಲಿ ಎಷ್ಟೋ ಮಂದಿ ಈ ಬಾಧೆಗೆ ಸಿಕ್ಕವರಿರಬೇಕು. ಅವರಿಗೆ ಸರ್ಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಸತ್ತು ತೊಂಬತ್ತು ವರ್ಷಗಳಾದ ಮೇಲೆ!

ಆ ಕಾಲದಲ್ಲಿಯೇ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಎಂಬ ಯುದ್ಧ ಆಸ್ಪತ್ರೆಯಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ವೈದ್ಯನಿದ್ದ. ಈತ ನಮ್ಮ ನೆರೆಗೆ ಅಪರಿಚಿತನಲ್ಲ. 1901–02ರಲ್ಲಿ ನೀಲಗಿರಿಗೆ ಬಂದು, ತೊದವರ ನಡುವೆ ಇದ್ದು, 1906ರಲ್ಲಿ ಅವರನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದವನು. ಎಮ್ಮೆ ಕಾಯುವ ತೊದವರ ಮಾತನ್ನು ತಾಳ್ಮೆಯಿಂದ ಕೇಳಿ ಕಲಿತ ಮನುಷ್ಯ, ಹದಿನೈದು ವರ್ಷಗಳ ಮೇಲೆ ನಡುಗುವ ಸಿಪಾಯಿಗಳ ಮುಂದೆಯೂ ಹಾಗೆಯೇ ಕುಳಿತ. ಅಲ್ಲಿಯವರೆಗೆ ವೈದ್ಯರು ಅವರಿಗೆ ಹೇಳುತ್ತಿದ್ದುದು ಒಂದೇ ಮಾತು: ‘ಮರೆತುಬಿಡು, ಬೇರೆ ಏನಾದರೂ ಯೋಚಿಸು.’ ಮರೆಯಲು ಹೆಣಗಿದಷ್ಟೂ ಅದು ರಾತ್ರಿಯಲ್ಲಿ ಮೇಲೆ ಬರುತ್ತದೆಂಬುದನ್ನು ರಿವರ್ಸ್ ಕಂಡುಕೊಂಡ. ನೆನಪಿನಿಂದ ಓಡಬೇಡ, ಅದರ ಬಳಿಗೆ ಹೋಗಿ ಕುಳಿತು ನೋಡು, ನಾನೂ ಜೊತೆಗಿದ್ದೇನೆ ಎಂಬುದು ಅವನ ವಿಧಾನದ ತಿರುಳು. ಇಂದಿನ ಚಿಕಿತ್ಸೆಯಲ್ಲಿಯೂ ಅದೇ ಎಳೆ ಇದೆ.

ವಿಯೆಟ್ನಾಮ್ ಯುದ್ಧದಿಂದ ಮರಳಿದ ಅಮೆರಿಕದ ಸಿಪಾಯಿಗಳ ದೀರ್ಘ ಒತ್ತಾಯದ ನಂತರ 1980ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಈ ಕಾಯಿಲೆಗೆ ಅಧಿಕೃತ ಹೆಸರು ಕೊಟ್ಟಿತು. ಪಿ.ಟಿ.ಎಸ್.ಡಿ. ಎಂದು ಈಗ ಕರೆಯುವುದು ಅದನ್ನೇ. ಆಘಾತ ಕಳೆದ ಮೇಲೂ ಒಳಗೆ ಉಳಿದುಕೊಳ್ಳುವ ಬಾಧೆ ಎಂದು ಕನ್ನಡದಲ್ಲಿ ಹೇಳಬಹುದು. ಗಮನಿಸಿ, ಅಲ್ಲಿಯೂ ಬಾಧೆಗೊಳಗಾದವರೇ ಕೂಡಿ ಕೇಳಬೇಕಾಯಿತು.

ಯುದ್ಧವೇ ಆಗಬೇಕೆಂದಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಮಕ್ಕಳು. ನಮ್ಮಲ್ಲಿನ ಹಿರಿಯರಿಗೆ ಆ ಸುದ್ದಿ ಬಂದ ದಿನ ನೆನಪಿರಬಹುದು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದಾಗ ಸತ್ತವರು ಸಾವಿರಾರು. ಬದುಕಿದವರ ಕಣ್ಣಿಗೂ ಶ್ವಾಸಕೋಶಕ್ಕೂ ಮದ್ದು ಕೊಟ್ಟರು. ನಿದ್ದೆ ಬಾರದವರಿಗೆ, ಬಾಗಿಲು ಮುಚ್ಚಲು ಅಂಜುವವರಿಗೆ, ಸತ್ತ ಮಗುವನ್ನು ಬೀದಿಯಲ್ಲೇ ಬಿಟ್ಟು ಓಡಿದ ತಾಯಂದಿರಿಗೆ ಏನು ಮದ್ದು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಆರ್. ಶ್ರೀನಿವಾಸ ಮೂರ್ತಿ ಮೊದಲಾದವರು 1985ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ಈ ಬಾಧೆಯನ್ನು ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟರು. ಕಾರ್ಖಾನೆಯ ದುರಂತಕ್ಕೆ ಮನಸ್ಸಿನ ಲೆಕ್ಕವೂ ಇದೆಯೆಂದು ನಮ್ಮ ದೇಶದಲ್ಲಿ ಎದ್ದು ಕಂಡದ್ದು ಆಗ.

ಇನ್ನು ಯಾರ ಬಳಿ ಹೋಗಬೇಕು ಎಂಬ ಮಾತು. ಇದರಲ್ಲಿ ಗೊಂದಲ ಬಹಳ. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮೇಲೆ ಮನೋರೋಗಗಳನ್ನೇ ಓದಿದ ಡಾಕ್ಟರು; ಅವರು ಔಷಧಿ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು ಮಾತ್ರೆ ಬರೆಯುವುದಿಲ್ಲ. ಮಾತು, ಅಭ್ಯಾಸ, ತಾಳ್ಮೆ ಇವೇ ಅವರ ಉಪಕರಣ. ಚಿಕಿತ್ಸೆ ಮಾಡುವ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಇದೆಯೇ ಎಂದು ಕೇಳುವುದು ಅವಮರ್ಯಾದೆಯಲ್ಲ. ಮೂರು ದಿನದ ಶಿಬಿರ ಮುಗಿಸಿ ಬೋರ್ಡು ತೂಗುಹಾಕಿ ಸಾವಿರಗಟ್ಟಲೆ ಕೀಳುವವರು ಪೇಟೆಯಲ್ಲಿ ಹುಟ್ಟಿಕೊಂಡಿದ್ದಾರೆ. ತಕ್ಕಡಿಗೆ ಮುದ್ರೆ ಇದೆಯೇ ಎಂದು ನೋಡುವ ನಮ್ಮ ವ್ಯಾಪಾರಿ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಶಾಸ್ತ್ರ ವಿಲಾಯತಿಯ ಶೋಕಿ ಎನ್ನುವವರಿಗೆ ಒಂದು ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಹುಟ್ಟಿದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರಿಂದ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಕಟ್ಟಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟವರೂ ಅವರೇ. ನಾವು ದಿನವೂ ಕೇಳುವ ಹೆಸರನ್ನು ಬಳಕೆಗೆ ತಂದದ್ದು ಒಬ್ಬ ಮನಶ್ಶಾಸ್ತ್ರಜ್ಞ ಎಂಬುದು ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು. 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೆಂದು ಮಾಡಿ ತೋರಿಸಿದರು. 1996ರಲ್ಲಿ ಇಡೀ ದೇಶಕ್ಕೆ ಹೊರಟ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಂದರೆ ನಮ್ಮ ಜಿಲ್ಲಾ ಆಸ್ಪತ್ರೆಯ ಆ ಕೋಣೆ ಯಾರೋ ಕೊಟ್ಟ ಭಿಕ್ಷೆಯಲ್ಲ, ನಮ್ಮ ನಾಡಿನ ಜನರೇ ಮೊದಲು ಕಂಡುಕೊಂಡ ದಾರಿ.

ಆ ಕೋಣೆಗೆ ನಾವು ಹೋದದ್ದನ್ನು ಈಗ ಹೇಳುತ್ತೇವೆ. ಗೆಳೆಯನ ಹೆಂಡತಿ ನಮ್ಮನ್ನು ಬಿಟ್ಟು ತಾನೇ ದಾರಿ ಹುಡುಕಿದ್ದಳು. ಆಶಾ ಕಾರ್ಯಕರ್ತೆಯೊಬ್ಬಳು ಅವಳಿಗೆ 14416 ಎಂಬ ನಂಬರು ಕೊಟ್ಟಿದ್ದಳು. 2022ರ ಅಕ್ಟೋಬರ್ 10ರಂದು ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ಅದು. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಬೀಳುವುದಿಲ್ಲ. ಅವರು ಜಿಲ್ಲಾ ಆಸ್ಪತ್ರೆಗೆ ಹೋಗಿರೆಂದು ಹೇಳಿದರು. ಗೆಳೆಯ ಒಬ್ಬನೇ ಹೋಗಲಾರೆನೆಂದ. ಅವಳು ಮತ್ತೆ ಬಂದು ನಮ್ಮನ್ನು ಕರೆದಳು. ಈ ಸಲ ನಾವು ಬುದ್ಧಿ ಹೇಳಲಿಲ್ಲ, ಜೊತೆಗೆ ಹೋದೆವು.

ಕೋಣೆಯಲ್ಲಿ ಸಿನೆಮಾದಲ್ಲಿ ತೋರಿಸುವಂಥದು ಏನೂ ಇರಲಿಲ್ಲ. ಮಲಗಿಸುವ ಸೋಫಾ ಇಲ್ಲ, ಕರೆಂಟಿನ ಪೆಟ್ಟಿಗೆ ಇಲ್ಲ. ಒಂದು ಮೇಜು, ಮೂರು ಕುರ್ಚಿ, ಸದ್ದು ಮಾಡುವ ಫ್ಯಾನು. ಮೊದಲು ಮನೋವೈದ್ಯರು ನೋಡಿ, ಆಮೇಲೆ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಗೆಳೆಯ ಹೊಸ್ತಿಲಲ್ಲೇ “ಮೇಡಮ್ನೋರೆ, ನಾನು ಹುಚ್ಚ ಅಲ್ಲ” ಎಂದ. “ಅಲ್ಲ ಅಂತ ನನಗೂ ಗೊತ್ತು, ಕೂತ್ಕೊಳ್ಳಿ. ಫ್ಯಾನ್ ಸದ್ದು ತೊಂದರೆ ಆಗ್ತಿದೆಯಾ?” ಎಂದರು. ಆಗುತ್ತಿತ್ತು. ಆರಿಸಿದರು. ಸೆಖೆಯಲ್ಲಿ ಮುಕ್ಕಾಲು ಗಂಟೆ ಕುಳಿತೆವು. ಅವನ ಸಂಕಟವನ್ನು ಕೇಳುವ ಮೊದಲು ಕಂಡುಕೊಂಡವರು ಅವರೊಬ್ಬರೇ ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ.

ಮೊದಲ ದಿನ ಅಪಘಾತದ ಕಥೆಯನ್ನು ಅವರು ಪೂರ್ತಿ ಕೇಳಲಿಲ್ಲ. ನಿದ್ದೆ ಎಷ್ಟು, ಊಟ ಹೇಗೆ, ಕುಡಿತ ಎಷ್ಟು, ಸಾಯಬೇಕೆನಿಸಿದೆಯೇ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಅವನು ತಲೆ ಬಗ್ಗಿಸಿದ. ಎರಡು ವರ್ಷ ಪಕ್ಕದ ಯಂತ್ರದಲ್ಲಿದ್ದ ನಾವು ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ನಮಗೆಲ್ಲ ಒಂದು ಅಂಜಿಕೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಎದೆ ಹಗುರಾಗುತ್ತದೆ ಎಂದು ಅವರು ನಮಗೆ ತಿಳಿಸಿದರು.

ಆಮೇಲಿನ ವಾರಗಳಲ್ಲಿ ನಾವು ಹೊರಗಿನ ಬೆಂಚಿನಲ್ಲಿ ಕುಳಿತೆವು. ಒಳಗಿನದನ್ನು ಅವನ ಬಾಯಿಂದ ಕೇಳಿದ್ದೇವೆ. ಮಿದುಳಿನಲ್ಲಿ ಅಪಾಯದ ಗಂಟೆಯೊಂದಿದೆ, ಅದು ಅಂದು ಬಾರಿಸಬೇಕಾದದ್ದೇ, ಆದರೆ ನಿಲ್ಲುವುದನ್ನು ಮರೆತಿದೆ ಎಂದು ಮೊದಲು ವಿವರಿಸಿದರಂತೆ. ಉಸಿರನ್ನು ನಿಧಾನವಾಗಿ ಬಿಡುವ ಅಭ್ಯಾಸ. ನೆನಪು ಮೇಲೆ ಬಿದ್ದಾಗ ಕಾಲನ್ನು ನೆಲಕ್ಕೆ ಒತ್ತಿ, ಸುತ್ತ ಕಾಣುವ ಐದು ಪದಾರ್ಥಗಳ ಹೆಸರು ಹೇಳುವ ಅಭ್ಯಾಸ. ಆಮೇಲೆ ಆ ರಾತ್ರಿಯನ್ನು ಮೊದಲಿಂದ ಕೊನೆಯವರೆಗೆ, ಈಗ ನಡೆಯುತ್ತಿದೆಯೆಂಬಂತೆ, ಬಾಯಿಬಿಟ್ಟು ಹೇಳುವುದು. ಮರುವಾರ ಮತ್ತೆ ಅದನ್ನೇ. ಭಯಕ್ಕೆ ನೂರಕ್ಕೆ ಎಷ್ಟು ಅಂಕ ಎಂದು ಪ್ರತಿಸಲ ಕೇಳುವರು. ಮೊದಲು ತೊಂಬತ್ತೈದು. ಆರನೆಯ ವಾರಕ್ಕೆ ಅರುವತ್ತಾಯಿತು. ಮೂರನೆಯ ವಾರದಲ್ಲಿ ಅವನು ಅರ್ಧಕ್ಕೇ ಎದ್ದು ಬಂದು, ಇನ್ನು ಬರುವುದಿಲ್ಲವೆಂದು ಆಸ್ಪತ್ರೆಯ ಗೇಟಿನಲ್ಲಿ ಅತ್ತದ್ದೂ ಉಂಟು. ಈ ಚಿಕಿತ್ಸೆ ಸುಖದ ಕೆಲಸವೆಂದು ನಾವು ಸುಳ್ಳು ಹೇಳುವುದಿಲ್ಲ.

ಅವನ ಮನಸ್ಸಿನ ತಳದಲ್ಲಿದ್ದದ್ದು ಭಯಕ್ಕಿಂತ ಮಿಗಿಲಾದ ಇನ್ನೊಂದು. ‘ನಾನು ಇನ್ನೆರಡು ಹೆಜ್ಜೆ ಬೇಗ ಓಡಿದ್ದರೆ ಹುಡುಗನ ಕೈ ಉಳಿಯುತ್ತಿತ್ತು.’ ಎರಡು ವರ್ಷ ಈ ಒಂದು ವಾಕ್ಯ ಅವನನ್ನು ತಿಂದಿತ್ತು. ಅವರು “ನಿಮ್ಮದು ತಪ್ಪಿಲ್ಲ” ಎಂದು ಸಮಾಧಾನ ಹೇಳಲಿಲ್ಲವಂತೆ. ಯಂತ್ರದಿಂದ ಯಂತ್ರಕ್ಕೆ ಎಷ್ಟು ಗಜ, ಸ್ವಿಚ್ಚು ಎಲ್ಲಿತ್ತು, ಕಾಪು ಯಾರು ಬಿಚ್ಚಿದ್ದರು ಎಂದು ಕಾಗದದ ಮೇಲೆ ಅವನಿಂದಲೇ ನಕ್ಷೆ ಬರೆಸಿದರು. ಬರೆಯುತ್ತ ಬರೆಯುತ್ತ ಅವನಿಗೇ ಹೊಳೆಯಿತು.

ಮುಂದೆ ಗಿರಣಿಯ ಹತ್ತಿರ ಹೋಗುವ ಅಭ್ಯಾಸ. ಮೊದಲ ವಾರ ಗೇಟಿನೆದುರಿನ ಹೋಟೆಲಿನಲ್ಲಿ ಸೈರನ್ ಆಗುವವರೆಗೆ ನಾವಿಬ್ಬರೂ ಚಹಾ ಕುಡಿಯುತ್ತ ಕೂರಬೇಕು. ಮರುವಾರ ಗೇಟಿನ ಪಕ್ಕ ನಿಲ್ಲಬೇಕು. ಸಂಘದವರು ದಿನವೂ ಗೇಟಿನಲ್ಲಿ ನಿಲ್ಲುವುದನ್ನು ಕಂಡು ಮುಷ್ಕರದ ಸುಳಿವೆಂದು ಮೇಲಿನವರು ಗಾಬರಿಯಾದರಂತೆ! ಆದರೆ ಖಾತೆಯೊಳಗೆ ಕಾಲಿಡುವ ವಾರ ಬಂದಾಗ ಆ ಹೆಣ್ಣುಮಗಳು ನಮ್ಮನ್ನು ಒಳಗೆ ಕರೆದು, “ಆ ಯಂತ್ರಕ್ಕೆ ಈಗ ಕಾಪು ಹಾಕಿದ್ದಾರಾ?” ಎಂದು ಕೇಳಿದರು. ಇಲ್ಲವೆಂದೆವು. “ಹಾಗಾದರೆ ಅವರ ಭಯ ಕಾಯಿಲೆ ಅಲ್ಲ, ವಿವೇಕ. ಅದನ್ನು ಬಿಡಿ ಅಂತ ನಾನು ಹೇಳೋದಿಲ್ಲ. ಆ ಕೆಲಸ ನಿಮ್ಮದು” ಎಂದರು. ತಿರುಗುವ ಯಂತ್ರಭಾಗಕ್ಕೆ ಕಾಪು ಇರಲೇಬೇಕೆಂಬುದು 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಇರುವ ನಿಯಮ. ಪರಿಹಾರದ ಹಣ ಬಂದ ಸಂತೋಷದಲ್ಲಿ ನಾವು ಅದನ್ನು ಕೈಬಿಟ್ಟಿದ್ದೆವು. ಅಂದೇ ಅರ್ಜಿ ಬರೆದೆವು, ಇನ್ಸ್‌ಪೆಕ್ಟರರ ಕಚೇರಿಗೆ ನಾಲ್ಕು ಸಲ ಅಲೆದೆವು, ಕಾಪು ಬಂತು. ಆಮೇಲೆಯೇ ಗೆಳೆಯ ಒಳಗೆ ಕಾಲಿಟ್ಟ.

ಅವರು ಅದೇ ದಿನ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: “ನೀವೂ ಆ ರಾತ್ರಿ ಅಲ್ಲಿದ್ದಿರಲ್ಲ, ನಿಮಗೆ ನಿದ್ದೆ ಬರುತ್ತಾ?” ಚೆನ್ನಾಗಿ ಬರುತ್ತದೆ ಎಂದೆವು. ಅದು ಸುಳ್ಳು. ಮೂರು ವಾರ ಕಳೆದು ನಾವೂ ಆ ಕುರ್ಚಿಯಲ್ಲಿ ಕುಳಿತು ಬಂದಿದ್ದೇವೆ. ಸಭೆಯಲ್ಲಿ ಹೇಳಲು ನಾಚಿಕೆಯಾಗುತ್ತದೆಂದು ತಿಳಿದಿದ್ದೆವು, ಹೇಳಿದ ಮೇಲೆ ಅಷ್ಟೇನೂ ಆಗಲಿಲ್ಲ.

ವ್ಯಾಪಾರಿ ಮಿತ್ರರು ಇದೆಲ್ಲ ಯಂತ್ರದವರ ಕಥೆ ಎನ್ನಬಾರದು. ಅಂಗಡಿ ಸುಟ್ಟವರು, ಕೊರೋನಾ ಕಾಲದಲ್ಲಿ ಮನೆಯವರ ಮುಖವನ್ನೂ ನೋಡದೆ ಮಣ್ಣು ಮಾಡಿದವರು, ಬಡ್ಡಿಯವನು ಬೀದಿಯಲ್ಲಿ ನಿಲ್ಲಿಸಿ ಬೈದದ್ದನ್ನು ಇಂದಿಗೂ ಕನಸಿನಲ್ಲಿ ಕಾಣುವವರು ನಮ್ಮ ಪೇಟೆಯಲ್ಲೇ ಇದ್ದಾರೆ. ಮನಶ್ಶಾಸ್ತ್ರಜ್ಞರು ಸಾಲ ತೀರಿಸುವುದಿಲ್ಲ. ಹಾಗೆಂದು ಭಾವಿಸಿ ಹೋದವರು ನಿರಾಶರಾಗುತ್ತಾರೆ. ಸಾಲದ ಪಟ್ಟಿಯನ್ನು ಕೈ ನಡುಗದೆ ಬರೆಯುವಷ್ಟು ನಿದ್ದೆಯನ್ನು ಮರಳಿ ಕೊಡಬಲ್ಲರು. ಅದು ಸಣ್ಣದಲ್ಲ.

ಇನ್ನು ಕೆಲವು ತಿಳಿವಳಿಕೆಯ ಮಾತು. ಅಪಘಾತ ಕಂಡವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಹುಮಂದಿ ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ಬಿಡದಿದ್ದರೆ, ಅಥವಾ ಅದಕ್ಕೂ ಮೊದಲೇ ಸಾಯುವ ಮಾತು ಬಂದರೆ ತಡಮಾಡಬಾರದು. ಘಟನೆಯಾದ ಮರುದಿನವೇ ಸುತ್ತ ಕುಳಿತು ‘ಏನಾಯಿತು ಹೇಳು, ಹೇಳು’ ಎಂದು ಒತ್ತಾಯಿಸುವುದರಿಂದ ಒಳಿತಿಲ್ಲ, ಕೆಡುಕೂ ಆಗಬಹುದು. ಊಟ, ನೀರು, ಮನೆಗೆ ಸುದ್ದಿ, ಪಕ್ಕದಲ್ಲೊಬ್ಬ ಮನುಷ್ಯ, ಆ ದಿನಕ್ಕೆ ಇಷ್ಟು ಸಾಕು. ಔಷಧದ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು ಈ ಬಾಧೆಗೆ ಮದ್ದಲ್ಲ, ಚಟವಾಗುತ್ತದೆ. ಸಾರಾಯಿಯೂ ಅಷ್ಟೇ.

ಕಾನೂನೂ ನಮ್ಮ ಕಡೆಗಿದೆ. 2017ರಲ್ಲಿ ಆದ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಹೇಳಿದೆ. ಬಡತನ ರೇಖೆಯ ಕೆಳಗಿನವರಿಗೆ ಅದು ಉಚಿತ. ಹೇಳಿಕೊಂಡದ್ದು ಗುಟ್ಟಾಗಿರಬೇಕೆಂಬುದೂ ಹಕ್ಕು. ಪ್ರಾಣಾಪಾಯದಂಥ ಸಂದರ್ಭ ಬಿಟ್ಟರೆ ಮಾಲೀಕರಿಗಾಗಲಿ ಜಾಬರಿಗಾಗಲಿ ಆಸ್ಪತ್ರೆಯವರು ಬಾಯಿಬಿಡುವಂತಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಸಂಕಟದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದೂ ಅದರಲ್ಲಿದೆ. ವಿಮೆಯ ಕಂಪನಿಗಳು ದೇಹದ ರೋಗಕ್ಕೆ ಕೊಡುವಂತೆ ಮನಸ್ಸಿನ ರೋಗಕ್ಕೂ ಕೊಡಬೇಕು. ಕಾಗದದಲ್ಲಿರುವುದು ಕೈಗೆ ಬರಲು ಎಷ್ಟು ಓಡಾಟವೆಂಬುದು ನಿಮಗೆ ಗೊತ್ತು. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ಬಾಧೆಯಲ್ಲಿರುವುದು ಕಂಡಿತು. ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಒಂದು ಜಿಲ್ಲೆಗೆ ಒಂದು ಕೋಣೆ, ಒಬ್ಬ ಹೆಣ್ಣುಮಗಳು, ಹೊರಗೆ ಬೆಂಚಿನ ತುಂಬ ಜನ. ತಾಲ್ಲೂಕಿಗೊಬ್ಬರಾದರೂ ಬೇಕೆಂದು ಸಂಘ ಬರೆದಿರುವ ಮನವಿಗೆ ಇಂದು ಹೋಗುವ ಮೊದಲು ಸಹಿ ಹಾಕಿ, ಮೇಜಿನ ಮೇಲಿದೆ.

ಗೆಳೆಯ ಈಗ ಹಗಲು ಪಾಳಿಯಲ್ಲಿ, ರೀಲಿಂಗ್ ಖಾತೆಯಲ್ಲಿ ಕೆಲಸ ಮಾಡುತ್ತಿದ್ದಾನೆ. ಕಾರ್ಡಿಂಗಿಗೆ ಮರಳಿಲ್ಲ, ಮರಳಬೇಕಾಗಿಯೂ ಇಲ್ಲ. ಕುಡಿತ ಬಿಟ್ಟು ಒಂಬತ್ತು ತಿಂಗಳಾಯಿತು. ನಡುವೆ ಎರಡು ಸಲ ಜಾರಿದ. ಸೈರನ್ನಿಗೆ ಈಗಲೂ ಒಮ್ಮೆ ಭುಜ ಹಾರುತ್ತದೆ, ಆಮೇಲೆ ತಾನೇ ನಗುತ್ತಾನೆ. ಕೈ ಹೋದ ಆ ಹುಡುಗ ಈಗ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿ ಇಟ್ಟಿದ್ದಾನೆ. ಎರಡು ವರ್ಷ ಆ ಬೀದಿಗೇ ಕಾಲಿಡದಿದ್ದ ನಮ್ಮ ಗೆಳೆಯ ಕಳೆದ ಸಂಕ್ರಾಂತಿಯಂದು ಅಲ್ಲಿಗೆ ಹೋಗಿ ಎಳ್ಳು ಕೊಟ್ಟು ಬಂದ. ಹುಡುಗ ಕೇಳಿದನಂತೆ: “ಅಣ್ಣಾ, ಇಷ್ಟು ದಿನ ಎಲ್ಲಿ ಹೋಗಿದ್ದೆ? ನನ್ನ ಮೇಲೆ ಸಿಟ್ಟಾಗಿದ್ದೆಯೇನೋ ಅಂದ್ಕೊಂಡಿದ್ದೆ.”

ಬರುವ ಗುರುವಾರ ಬೆಳಿಗ್ಗೆ ಎಂಟೂವರೆಗೆ ಈ ಕೋಣೆಯಿಂದ ಜಿಲ್ಲಾ ಆಸ್ಪತ್ರೆಗೆ ಇಬ್ಬರು ಹೊರಡುತ್ತಿದ್ದಾರೆ, ನಾವು ಜೊತೆಗೆ ಹೋಗುತ್ತೇವೆ. ಆಟೋದಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಈಗ ಎಲ್ಲರೆದುರು ಹೇಳಬೇಕಾಗಿಲ್ಲ. ದೀಪ ಆರಿಸುವವರೆಗೆ ನಾವು ಇಲ್ಲಿಯೇ ಇರುತ್ತೇವೆ.